ವಾಟರ್ ಕೇಳಿದ್ರೆ ನೀರೇ ಕೊಡ್ಲಿಲ್ಲ

ಹೋದ ಸಂಚಿಕೇಲಿ ‘ಶೆಡ್ಯೂಲ್’ ಸರಿನಾ ‘ಸ್ಕೆಡ್ಯೂಲ್’ ಸರಿನಾ ಅಂತ ಒಬ್ರು ಕೇಳಿದ್ರು. ಎರಡೂ ನಡೆಯತ್ತೆ, ಮೊದಲನೇದು ಬ್ರಿಟನ್ ಕಡೇದು, ಎರಡನೇದು ಅಮೆರಿಕದ್ದು ಅಂತ ಎರಡು ಸಾಲು ಬರೆದು ಸುಮ್ನಾಗಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರ ಬರತ್ತೆ ಅಂತ ಯಾರಿಗ್ಗೊತ್ತು. ಅದಕ್ಕೆ ಈ ಸಲ ಪೂರ್ತಿ ಅಂಕಣ ಇಂಗ್ಲಿಷ್ ಉಚ್ಚಾರಣೆಗೇ ಬಿಟ್ಟಿದೀನಿ. ಖಾತೆ, ಕಂದಾಯ, ಉಪ್ಪಿನಕಾಯಿ ಬಗ್ಗೆ ಕೇಳಿರೋರು ಮುಂದಿನ ತಿಂಗಳವರೆಗೆ ತಡ್ಕೊಳ್ಳಿ, ಬೈಕೋಬೇಡಿ.

ಪ್ರಶ್ನೆ: ಮಗಳ ಬಾಣಂತನಕ್ಕೆ ಅಂತ ಡಲ್ಲಾಸ್‌ಗೆ ಹೋಗಿದ್ದೆ. ಹೋಟ್ಲಲ್ಲಿ ‘ವಾಟರ್, ವಾಟರ್’ ಅಂತ ಮೂರು ಸಲ ಕೇಳ್ದೆ, ಆ ಹುಡುಗಿ ಕಣ್ ಕಣ್ ಬಿಟ್ಳು. ನಮ್ಮ ದೊಡ್ಡ ಮೊಮ್ಮಗ ‘ವಾಡರ್’ ಅಂದ ನೋಡಿ, ತಕ್ಷಣ ತಂದ್ಕೊಟ್ಳು. ನಾನು 32 ವರ್ಷ ಬ್ಯಾಂಕಲ್ಲಿ ಇಂಗ್ಲಿಷಲ್ಲೇ ಲೆಡ್ಜರ್ ಬರೆದೋಳು. ನನ್ನ ತಪ್ಪೇನು?
(ಬಸವನಗುಡಿಯಿಂದ ಒಬ್ಬ ಅಜ್ಜಿ)

ಉತ್ತರ: ತಪ್ಪೇನೂ ಇಲ್ಲಮ್ಮ, ನಿಮ್ಮ ನಾಲಿಗೆ ಒಂದು ಕಡೆ ತಾಗ್ತು, ಆ ಹುಡುಗಿ ಕಿವಿ ಇನ್ನೊಂದು ಕಡೆ ಕಾಯ್ತಾ ಇತ್ತು, ಅಷ್ಟೇ. ನಮ್ಮಲ್ಲಿ ತ ಇದೆ, ಟ ಇದೆ. ತ ಅನ್ನುವಾಗ ನಾಲಿಗೆ ಹಲ್ಲಿಗೆ ತಾಗತ್ತೆ, ಟ ಅನ್ನುವಾಗ ಮಡಚ್ಕೊಂಡು ಅಂಗುಳಕ್ಕೆ ಹೋಗತ್ತೆ. ಇಂಗ್ಲಿಷಿನ ಟಿ ಇವೆರಡರ ಮಧ್ಯ, ಹಲ್ಲಿನ ಹಿಂದಿನ ಉಬ್ಬು ಇದೆಯಲ್ಲ ಅಲ್ಲಿ. ನಮಗೆ ಆ ಜಾಗದಲ್ಲಿ ಟಿ ಥರದ ಅಕ್ಷರ ಇಲ್ಲ, ಅದಕ್ಕೆ ಟೇಬಲ್, ಟಿಕೆಟ್, ಡಾಕ್ಟರ್ ಎಲ್ಲಾನೂ ಟ-ಡ ಡಬ್ಬಿಗೆ ಹಾಕ್ಕೊಂಡ್ವಿ. ಲಂಡನ್ನಿನವರಿಗೆ ಅದು ಒಂಚೂರು ಗಟ್ಟಿ ಅನ್ಸಿದ್ರೂ ಅರ್ಥ ಆಗತ್ತೆ. ಆದ್ರೆ ಅಮೆರಿಕದವರು ಎರಡು ಸ್ವರದ ಮಧ್ಯ ಬರೋ ಟಿನ ಟಿ ಅನ್ನೋದೇ ಇಲ್ಲ, ನಾಲಿಗೆ ತುದೀನ ಒಂದ್ಸಲ ಮೆತ್ತಗೆ ತಟ್ಟಿ ಬಿಟ್ಬಿಡ್ತಾರೆ. ಹಾಗೆ ತಟ್ಟಿ ಬಿಡೋ ಅಕ್ಷರ ನಮ್ಮ ಹತ್ರ ಇದೆ, ಆದ್ರೆ ಅದು ಡ ಅಲ್ಲ, ರ. ಮಂಗಳವಾರ ಬುಧವಾರ ಅಂತೀರಲ್ಲ, ಆ ‘ವಾರ’ದ ರ. ಮುಂದಿನ ಸಲ ಡಲ್ಲಾಸ್‌ಗೆ ಹೋದಾಗ ತುಟಿ ಗುಂಡಗೆ ಮಾಡ್ಕೊಂಡು (ಅವರ ಡಬಲ್ಯೂ ನಮ್ಮ ವ ಥರ ಅಲ್ಲ, ಹಲ್ಲು ತುಟಿಗೆ ಸೋಕಲೇಬಾರದು) ‘ವಾರ’ ಅಂದು ಕೊನೇಲಿ ನಾಲಿಗೇನ ಸ್ವಲ್ಪ ಹಿಂದಕ್ಕೆ ಎಳ್ಕೊಳ್ಳಿ. ನೀರು ಬರತ್ತೆ, ಐಸ್ ಹಾಕಿ ತರ್ತಾರೆ ಅನ್ನೋದು ಬೇರೆ ಸಂಕಟ.

ಇದೇ ಮೊಮ್ಮಗನ್ನ ಲಂಡನ್ನಿನ ಪೂರ್ವದ ಕಡೆಗೆ ಕರ್ಕೊಂಡು ಹೋಗಿ, ಅವನೂ ಕಣ್ ಕಣ್ ಬಿಡ್ತಾನೆ. ಅಲ್ಲಿ ಟಿ ಗಂಟಲಲ್ಲೇ ಸಿಕ್ಕಾಕ್ಕೊಳತ್ತೆ. ಬೇಡ ಅನ್ನೋಕೆ ಬಾಯಿ ಮುಚ್ಕೊಂಡೇ ‘ಉಂ-ಉಂ’ ಅಂತೀವಲ್ಲ, ಮಧ್ಯದಲ್ಲಿ ಗಂಟಲು ಒಂದು ಕ್ಷಣ ತಡೆಯತ್ತೆ ನೋಡಿ, ಅದೇ ತಡೆ ಅವರಿಗೆ ಟಿ. ‘ವಾ-ಅ’ ಅಂದ್ರೆ ನೀರು, ‘ಬಾ-ಅಲ್’ ಅಂದ್ರೆ ಬಾಟ್ಲು.

ಅಂದಹಾಗೆ ಕಿವಿ ಮೋಸ ಮಾಡೋದು ನಮಗೊಬ್ಬರಿಗೇ ಅಲ್ಲ. ಮಡಿಕೇರಿ ಅನ್ನೋ ಹೆಸರನ್ನ ಬ್ರಿಟಿಷರು ಮರ್ಕಾರಾ ಅಂತ ಬರ್ಕೊಂಡ್ರು. ನಮ್ಮ ಡ ಅವರ ಕಿವೀಲಿ ರ ಆಯ್ತು. ನಿಮ್ಮ ವಾಟರ್ ಕಥೆಯದೇ ಉಲ್ಟಾ ರೀಲು.

ಪ್ರಶ್ನೆ: ಸಾರ್, ನಾನು ಮಾರತ್ತಹಳ್ಳೀಲಿ ಐಟಿ ಕಂಪ್ನೀಲಿದೀನಿ, ಮೂಲ ಹಾಸನ. ನಮ್ಮ ಕ್ಲೈಂಟ್ ಕಡೆ ಗ್ಲಾಸ್ಗೋದವರು, ಲಿವರ್‌ಪೂಲ್‌ನವರು, ನ್ಯೂಯಾರ್ಕ್‌ನವರು ಮೂರೂ ಜನ ಇದಾರೆ. ಕಾಲ್‌ನಲ್ಲಿ ಅರ್ಧ ಅರ್ಥ ಆಗಲ್ಲ, ಸುಮ್ನೆ ‘ಯಾ ಯಾ’ ಅಂತೀನಿ. ಇದ್ರಲ್ಲಿ ಒರಿಜಿನಲ್ ಇಂಗ್ಲಿಷ್ ಯಾವುದು ಅಂತ ಹೇಳಿದ್ರೆ ಅದನ್ನೇ ಕಲಿತೀನಿ.

ಉತ್ತರ: ನೀವು ಹಾಸನದವರು, ನಿಮ್ಮನ್ನ ಒಬ್ಬ ಗುಜರಾತಿ ಬಂದು ಧಾರವಾಡದ್ದು, ಕುಂದಾಪುರದ್ದು, ಹಾಸನದ್ದು, ಯಾವುದು ಒರಿಜಿನಲ್ ಕನ್ನಡ ಅಂದ್ರೆ ಏನಂತೀರಾ? ನಮ್ದೇ ಅಂತೀರಾ, ಗೊತ್ತು ಬಿಡಿ, ಅವರೂ ಹಂಗೇ ಅಂತಾರೆ.

ಲಿವರ್‌ಪೂಲ್‌ಗೂ ಮ್ಯಾಂಚೆಸ್ಟರ್‌ಗೂ ಮಧ್ಯ ಇರೋದು ಹೆಚ್ಚುಕಮ್ಮಿ 50 ಕಿಲೋಮೀಟರು, ಇಲ್ಲಿಂದ ರಾಮನಗರಕ್ಕೆ ಹೋದಷ್ಟು. ಅಷ್ಟರಲ್ಲೇ ಮಾತಿನ ಧಾಟಿ ಪೂರ್ತಿ ಬದಲಾಗತ್ತೆ, ಯಾಕಂದ್ರೆ 1840ರ ದಶಕದಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆ ಕೊಳೆತು ಬರ ಬಂದಾಗ ಹಡಗು ಹತ್ತಿ ಬಂದೋರು ಸಾವಿರಗಟ್ಟಲೆ ಲಿವರ್‌ಪೂಲಲ್ಲೇ ಇಳಿದು ಉಳ್ಕೊಂಡ್ರು, ಬಂದರು ಊರು ಬೇರೆ, ಎಲ್ಲ ಕಲಸಿ ಒಂದು ಹೊಸ ರಾಗ ಹುಟ್ಟಿತು. ಅದೇ ಆಸ್ಟ್ರೇಲಿಯಾ ನೋಡಿ, ಸಿಡ್ನಿಯಿಂದ ಪರ್ತ್‌ಗೆ ವಿಮಾನದಲ್ಲಿ 3,300 ಕಿಲೋಮೀಟರ್ ಹತ್ರ ಹತ್ರ ಇದೆ, ಆದ್ರೆ ಇಬ್ರೂ ಮಾತಾಡಿದ್ರೆ ವ್ಯತ್ಯಾಸ ಕಂಡುಹಿಡಿಯೋಕೆ ಒದ್ದಾಡಬೇಕು. ಇಂಗ್ಲೆಂಡಿನ ನೆಲದಲ್ಲಿ ಆ ಭಾಷೆಗೆ ಸುಮಾರು 1,500 ವರ್ಷ ವಯಸ್ಸು, ಹಳ್ಳಿ ಹಳ್ಳಿಗೂ ಬೇರೆ ಬೇರೆ ದಾರಿ ಹಿಡಿಯೋಕೆ ಟೈಮ್ ಸಿಕ್ಕಿತ್ತು. ಆಸ್ಟ್ರೇಲಿಯಾಕ್ಕೆ ಅದು ಹೋಗಿದ್ದು 1788ರಲ್ಲಿ, ನಾನಾ ಕಡೆಯವರು ಒಂದೇ ಪಾತ್ರೇಲಿ ಬಿದ್ದಿದ್ದಕ್ಕೆ ಮೂಲೆ ಮುಳ್ಳುಗಳೆಲ್ಲ ಸವೆದು ಹೋದ್ವು.

ಹಾಗಾದ್ರೆ ಟೀವೀಲಿ ಕೇಳೋ ಬ್ರಿಟಿಷ್ ಇಂಗ್ಲಿಷ್ ಯಾರದ್ದು ಅಂತ ಕೇಳಬಹುದು. ಆ ನಯಸ್ಸಾದ ಇಂಗ್ಲಿಷು ಹಾಸ್ಟೆಲ್ ಶಾಲೆ, ದೊಡ್ಡ ಮನೆತನ, ಬಿಬಿಸಿ ಇವರದ್ದು. ಇಂಗ್ಲೆಂಡಲ್ಲಿ ಅದನ್ನ ಮಾತಾಡೋರು ಶೇಕಡಾ 3ರಷ್ಟು ಮಾತ್ರ ಅಂತ 1970ರ ದಶಕದಲ್ಲೇ ಪೀಟರ್ ಟ್ರಡ್ಗಿಲ್ ಅನ್ನೋ ಭಾಷಾವಿಜ್ಞಾನಿ ಅಂದಾಜು ಮಾಡಿದ್ರು. ಎರಡನೇ ಮಹಾಯುದ್ಧದ ಟೈಮಲ್ಲಿ ಬಿಬಿಸಿಯವರು ಯಾರ್ಕ್‌ಷೈರ್ ಕಡೆಯ ವಿಲ್ಫ್ರೆಡ್ ಪಿಕಲ್ಸ್ ಅನ್ನೋರನ್ನ ವಾರ್ತೆ ಓದೋಕೆ ಕೂರಿಸಿದ್ರು. ಅವರು ಕೊನೇಲಿ ‘ಗುಡ್ ನೈಟ್’ ಅನ್ನದೆ ತಮ್ಮೂರಿನ ಥರ ‘ಗುಡ್ ನೀಟ್’ ಅಂದ್ರೆ ಕೇಳುಗರು ಗೊಣಗಿದ್ರಂತೆ, ಅವರ ದೇಶದ ಭಾಷೆ, ಅವರ ದೇಶದ ಮನುಷ್ಯ, ಆದ್ರೂ ವಾರ್ತೆಗೆ ಲಾಯಕ್ಕಿಲ್ಲ ಅಂತ. ದೂರದರ್ಶನದಲ್ಲಿ ವಾರ್ತೆ ಮುಗಿಸಿ ‘ಬರ್ತೀನ್ರೀ’ ಅಂದಿದ್ರೆ ನಮ್ಮಲ್ಲಿ ಏನಾಗ್ತಿತ್ತು ಅಂತ ಯೋಚನೆ ಮಾಡಿ.

ನನಗೆ ಇನ್ನೂ ಮಜಾ ಅನ್ಸೋದು ಆರ್ ಅಕ್ಷರದ ಕಥೆ. ಲಂಡನ್ ಕಡೆ 18ನೇ ಶತಮಾನದ ಕೊನೆ ಹೊತ್ತಿಗೆ ಸ್ವರದ ನಂತರದ ಆರ್ ಬಿದ್ದು ಹೋಗ್ತಾ ಬಂತು, ‘ಕಾರ್’ ಅನ್ನೋದು ‘ಕಾಃ’ ಆಯ್ತು. ಅಲ್ಲಿ ಆರ್ ಬಿಟ್ರೆ ದೊಡ್ಡ ಮನುಷ್ಯ, ಆರ್ ಹೇಳಿದ್ರೆ ಹಳ್ಳಿಗಮಾರ. ನ್ಯೂಯಾರ್ಕಲ್ಲಿ ತದ್ವಿರುದ್ಧ. 1962ರಲ್ಲಿ ವಿಲಿಯಂ ಲಬೋವ್ ಅನ್ನೋ ಭಾಷಾವಿಜ್ಞಾನಿ ಅಲ್ಲಿನ ಮೂರು ದೊಡ್ಡ ಅಂಗಡಿಗೆ ಹೋದ್ರು, ಒಂದು ತುಂಬಾ ದುಬಾರೀದು, ಒಂದು ಮಧ್ಯಮದ್ದು, ಒಂದು ಅಗ್ಗದ್ದು. ನಾಲ್ಕನೇ ಮಹಡೀಲಿ ಯಾವ ಸಾಮಾನು ಇದೆ ಅಂತ ಮೊದಲೇ ನೋಡ್ಕೊಂಡು, ಏನೂ ಗೊತ್ತಿಲ್ಲದವರ ಥರ ಅದು ಎಲ್ಲಿ ಸಿಗತ್ತೆ ಅಂತ ಕೆಲಸದವರನ್ನ ಕೇಳೋದು, ಅವರು ‘ಫೋರ್ತ್ ಫ್ಲೋರ್’ ಅಂದಾಗ ಆರ್ ಬರತ್ತಾ ಇಲ್ವಾ ಅಂತ ಗುಟ್ಟಾಗಿ ಗುರುತು ಹಾಕ್ಕೊಳೋದು. ದುಬಾರಿ ಅಂಗಡೀಲಿ ಆರ್ ಜಾಸ್ತಿ, ಅಗ್ಗದ ಅಂಗಡೀಲಿ ತೀರಾ ಕಮ್ಮಿ. ಇನ್ನೊಂದ್ಸಲ ಹೇಳಿ ಅಂತ ಕೇಳಿದ್ರೆ ಎಚ್ಚರಿಕೆಯಿಂದ ಆರ್ ಸೇರಿಸೋರೂ ಇದ್ರು. ಒಂದೇ ಅಕ್ಷರ, ಒಂದು ಊರಲ್ಲಿ ಅದನ್ನ ಬಿಟ್ಟರೆ ಗೌರವ, ಇನ್ನೊಂದು ಊರಲ್ಲಿ ಹಿಡ್ಕೊಂಡರೆ ಗೌರವ. ಅಕ್ಷರದಲ್ಲಿ ಏನೂ ಇಲ್ಲ ಗುರೂ, ಯಾರು ಹೇಳ್ತಾರೆ ಅನ್ನೋದರ ಮೇಲೆ ಎಲ್ಲ ನಿಂತಿದೆ.

ನೀವು ಮಾಡಬೇಕಾದ್ದು ಇಷ್ಟೇ, ‘ಯಾ ಯಾ’ ಅನ್ನೋದು ನಿಲ್ಸಿ. ಅರ್ಥ ಆಗ್ಲಿಲ್ಲ, ಇನ್ನೊಂದ್ಸಲ ಹೇಳಿ ಅಂತ ಕೇಳಿ. ಗ್ಲಾಸ್ಗೋದವರಿಗೆ ಲಂಡನ್ನಿನವರಿಂದಲೂ ಅದನ್ನ ಕೇಳಿಸ್ಕೊಂಡು ಅಭ್ಯಾಸ ಆಗಿರತ್ತೆ. ಅವರು ಆರ್ ಬಿಡಲ್ಲ, ನಿಮ್ಮ ಹಾಗೇ ‘ಕಾರ್’ ಅಂತಲೇ ಅಂತಾರೆ, ಕಿವಿ ಒಗ್ಗಿದ್ರೆ ಮೂವರಲ್ಲಿ ಅವರೇ ನಿಮಗೆ ಹತ್ರ ಆಗ್ತಾರೆ.

ಪ್ರಶ್ನೆ: ನಮ್ಮ ಏರಿಯಾ ಬೋರ್ಡಲ್ಲಿ ಒಂದು ಕಡೆ ‘ಎಚ್‌ಎಸ್‌ಆರ್ ಲೇಔಟ್’, ಇನ್ನೊಂದು ಕಡೆ ‘ಹೆಚ್‌ಎಸ್‌ಆರ್ ಲೇಔಟ್’ ಅಂತಿದೆ. ಯಾವುದು ಸರಿ?

ಉತ್ತರ: ಇಂಗ್ಲಿಷ್ ನಿಘಂಟಿನ ಪ್ರಕಾರ ಆ ಅಕ್ಷರದ ಹೆಸರಲ್ಲಿ ಹಕಾರ ಇಲ್ಲ, ‘ಎಚ್’ ಹತ್ರದ್ದು. ಆದ್ರೆ ಐರ್ಲೆಂಡಲ್ಲಿ ‘ಹೇಚ್’ ಅಂತಲೇ ಅಂತಾರೆ. ಉತ್ತರ ಐರ್ಲೆಂಡಲ್ಲಂತೂ ಹೇಚ್ ಅಂದ್ರೆ ಕ್ಯಾಥೊಲಿಕ್, ಏಚ್ ಅಂದ್ರೆ ಪ್ರಾಟೆಸ್ಟೆಂಟ್ ಅಂತ ಜನ ಲೆಕ್ಕ ಹಾಕ್ತಿದ್ರು, ಒಂದು ಅಕ್ಷರದ ಮೇಲೆ ಮನುಷ್ಯನ ಜಾತಕ.

ಲಂಡನ್ನಿನ ಕೂಲಿ ಜನರ ಇಂಗ್ಲಿಷಲ್ಲಿ ಹಕಾರ ಇಲ್ಲವೇ ಇಲ್ಲ, ಹೌಸ್ ಅಂದ್ರೆ ‘ಔಸ್’. ಇದನ್ನ ಓದಿ ಮಂಡ್ಯ ಮೈಸೂರು ಕಡೆಯವರು ನಗ್ತಿರ್ತೀರಾ ಅಂತ ಗೊತ್ತು, ಆಲು ಕರೆದು ಊವ ಮುಡಿಯೋರು ನಾವು. ಆಡ್ಕೊಳ್ಳೋರಿಗೆ ಹೆದರಿ ತಿದ್ಕೊಳ್ಳೋಕೆ ಹೋದ್ರೆ ಬೇಡದ ಕಡೆಯೆಲ್ಲ ಹಕಾರ ತೂರಿಕೊಳ್ಳತ್ತೆ. ವೇದಿಕೆ ಮೇಲೆ ‘ನಿಮ್ಮ ಆದರಕ್ಕೆ ಋಣಿ’ ಅನ್ನೋಕೆ ಹೋಗಿ ‘ಹಾದರಕ್ಕೆ ಋಣಿ’ ಅಂದ ಜೋಕು ಎಲ್ರಿಗೂ ಗೊತ್ತು. ಲಂಡನ್ನಿನವರೂ ಹಿಂಗೇ, ‘ಆರ್ಮ್’ ಅನ್ನೋ ಕಡೆ ‘ಹಾರ್ಮ್’ ಅಂದು ನಗೆಪಾಟಲಾಗ್ತಿದ್ರು. ಬೋರ್ಡು ಯಾವುದಾದ್ರೂ ಇರಲಿ, ಮನೆ ಬಾಡಿಗೆ ಎರಡಕ್ಕೂ ಒಂದೇ.

ಪ್ರಶ್ನೆ: ನಮ್ಮಪ್ಪನಿಗೆ ಗಾಂಧಿಬಜಾರಲ್ಲಿ ಗ್ರಂಥಿಗೆ ಅಂಗಡಿ. ತಮ್ಮನ ಸ್ಕೂಲಿಗೆ ಪೇರೆಂಟ್ಸ್ ಮೀಟಿಂಗ್‌ಗೆ ಹೋಗಿ ‘ಬಸ್ಸು ಲೇಟು ಮೇಡಂ’, ‘ಹೀ ಈಟ್ಸ್ ಯೆಗ್ಗು ವೋನ್ಲಿ’ ಅಂತೆಲ್ಲ ಮಾತಾಡಿದ್ರು. ಪಕ್ಕದಲ್ಲಿದ್ದೋರು ಮುಸಿಮುಸಿ ನಕ್ರು. ನನಗೆ ಅಪ್ಪನ ಮೇಲೂ ಸಿಟ್ಟು ಬಂತು, ನನ್ನ ಮೇಲೂ ಸಿಟ್ಟು ಬಂತು. ಏನ್ ಮಾಡ್ಲಿ?

ಉತ್ತರ: ಮೊದ್ಲು ಅಪ್ಪನ ಅಂಗಡೀಲಿ ಒಂದು ಗಂಟೆ ಕೂತ್ಕೊಂಡು ಅವರ ಮಾತನ್ನ ಗಮನ ಇಟ್ಟು ಕೇಳು ಮಗಳೇ, ಏನೋ ಬಾಯಿಗೆ ಬಂದಂಗೆ ಹೇಳ್ತಿದಾರೆ ಅಂದ್ಕೊಂಡಿದೀಯಲ್ಲ, ಅಲ್ಲಿ ಗಟ್ಟಿ ಲೆಕ್ಕ ಇದೆ. ಬಸ್ಸು, ಪೆನ್ನು, ಕಪ್ಪು, ಸೆಟ್ಟು. ಆದ್ರೆ ಕಾರು, ರೋಡು, ಲೇಟು, ಗೇಟು. ಯಾವತ್ತಾದ್ರೂ ‘ಕಾರ್ರು’, ‘ರೋಡ್ಡು’ ಅಂದಿದಾರಾ? ಅನ್ನಲ್ಲ. ಸ್ವರ ಚಿಕ್ಕದಾಗಿದ್ರೆ ಮುಂದಿನ ಅಕ್ಷರಕ್ಕೆ ಒತ್ತು, ದೀರ್ಘ ಇದ್ರೆ ಒತ್ತಿಲ್ಲ, ಕೊನೆಗೆ ಎರಡಕ್ಕೂ ಒಂದು ಉಕಾರ, ಯಾಕಂದ್ರೆ ಕನ್ನಡದ ಮಾತು ಸ್ವರದ ಮೇಲೆ ಕೂತ್ರೇನೇ ಸಮಾಧಾನ. ಕಲ್ಲು, ಕಾಲು ಅಂತೀವಲ್ಲ ಅದೇ ಅಚ್ಚು. ಇದನ್ನ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ, ಆದ್ರೂ ಒಂದ್ಸಲಾನೂ ತಪ್ಪಲ್ಲ. ಯೆಗ್ಗು, ವೋನ್ಲಿ ಕೂಡ ಹಂಗೇ, ನಾವು ಮಾತಾಡುವಾಗ ಎಲೆ ಅನ್ನೋದು ‘ಯೆಲೆ’ ಆಗತ್ತೆ, ಒಲೆ ಅನ್ನೋದು ‘ವೊಲೆ’ ಆಗತ್ತೆ, ಇಂಗ್ಲಿಷಿಗೂ ಅದೇ ಮರ್ಯಾದೆ ಕೊಟ್ಟಿದಾರೆ ಅಷ್ಟೇ.

ನಕ್ಕೋರಿಗೆ ಇದೊಂದು ಹೇಳು. ಇಂಗ್ಲಿಷರ ನಾಲಿಗೆ ಕೊನೇಲಿ ಬರೋ ಪುಟಾಣಿ ಉಕಾರ ತಡ್ಕೊಳಲ್ಲ. ಬೆಂಗಳೂರು ಹೋಗಿ ಬ್ಯಾಂಗಲೋರ್ ಆಯ್ತು, ಮೈಸೂರು ಮೈಸೋರ್ ಆಯ್ತು, ಶ್ರೀರಂಗಪಟ್ಟಣ ಪಾಪ ಸೆರಿಂಗಪಟಮ್ ಆಯ್ತು, ಯಾರೂ ಮುಸಿಮುಸಿ ನಗಲಿಲ್ಲ, ಬದಲಿಗೆ ನಾವೇ ಅದನ್ನ ಬೋರ್ಡ್ ಮೇಲೆ ಬರ್ಕೊಂಡ್ವಿ. ಇಂಗ್ಲಿಷಲ್ಲೂ ಬೆಂಗಳೂರು ಅಂತಲೇ ಬರೀಬೇಕು ಅಂತ ಅಧಿಕೃತವಾಗಿದ್ದು 2014ರ ನವೆಂಬರ್ 1ಕ್ಕೆ. ನಾವು ಬಸ್ಸಿಗೆ ಒಂದು ಉ ಸೇರಿಸಿದ್ವಿ, ಅವರು ಊರಿಂದ ಒಂದು ಉ ಕಿತ್ಕೊಂಡ್ರು, ಲೆಕ್ಕ ಚುಕ್ತಾ.

ಸಿಟ್ಟು ಬಂದಿದ್ದಕ್ಕೆ ಬೇಜಾರು ಮಾಡ್ಕೋಬೇಡ. ನನಗೂ ನಮ್ಮಮ್ಮನ ಮೇಲೆ ಬಂದಿತ್ತು, ನಿನಗಿಂತ ದೊಡ್ಡ ವಯಸ್ಸಲ್ಲಿ.

ಪ್ರಶ್ನೆ: ನಾನು ಹೈಸ್ಕೂಲಲ್ಲಿ ಇಂಗ್ಲಿಷ್ ಟೀಚರ್. ಮಕ್ಕಳು ‘ಹಿ ಈಸ್ ನಾಟ್ ಕಮಿಂಗ್ ಇಟ್ ಸೀಮ್ಸ್’, ‘ಐ ಕೇಮ್ ಸಿಂಪ್ಲಿ’, ‘ದೇರ್ ಓನ್ಲಿ’ ಅಂತಲೇ ಬರೀತಾರೆ. ಎಷ್ಟು ಕೆಂಪಿಂಕು ಖರ್ಚು ಮಾಡಿದ್ರೂ ಹೋಗಲ್ಲ.

ಉತ್ತರ: ಹೋಗಲ್ಲ ಮೇಡಂ, ಯಾಕಂದ್ರೆ ಅದು ಕನ್ನಡ. ‘ಬರಲ್ವಂತೆ’ ಅಂತ ಒಂದು ‘ಅಂತೆ’ ಸೇರಿಸಿದ್ರೆ ಸಾಕು, ನಾನು ನೋಡಿದ್ದಲ್ಲ, ಯಾರೋ ಹೇಳಿದ್ದು, ನನ್ನ ಜವಾಬ್ದಾರಿ ಇಲ್ಲ, ಇಷ್ಟೂ ಅದ್ರಲ್ಲಿ ಬಂದ್ಬಿಡತ್ತೆ. ಇಂಗ್ಲಿಷಲ್ಲಿ ಅಷ್ಟು ಚಿಕ್ಕ ಸೌಕರ್ಯ ಇಲ್ಲ, ಅದಕ್ಕೆ ಬೆಂಗಳೂರಿನವರು ‘ಇಟ್ ಸೀಮ್ಸ್’ ಅನ್ನೋದನ್ನ ತಂದು ಬಾಲಕ್ಕೆ ಕಟ್ಟಿದಾರೆ. ಸುಮ್ನೆ ಬಂದೆ ಅನ್ನೋ ಸುಮ್ನೆಗೆ ‘ಸಿಂಪ್ಲಿ’, ಅಲ್ಲೇ ಅನ್ನೋ ಏಕಾರಕ್ಕೆ ‘ಓನ್ಲಿ’.

ಐರಿಶ್ ಜನರೂ ಇದನ್ನೇ ಮಾಡಿದ್ದು. ಈಗಷ್ಟೇ ಊಟ ಆಯ್ತು ಅನ್ನೋಕೆ ಅವರು ‘ಐ ಆಮ್ ಆಫ್ಟರ್ ಈಟಿಂಗ್ ಮೈ ಡಿನ್ನರ್’ ಅಂತಾರೆ. ಲಂಡನ್ನಿನವನಿಗೆ ಇವನು ಊಟದ ಬೆನ್ನು ಹತ್ತಿದಾನೆ ಅನ್ನೋ ಹಾಗೆ ಕೇಳ್ಸತ್ತೆ. ಅದು ಅವರ ಐರಿಶ್ ಭಾಷೆಯ ವಾಕ್ಯ, ಇಂಗ್ಲಿಷ್ ಬಟ್ಟೆ ಹಾಕ್ಕೊಂಡಿದೆ. ಅಲ್ಲಿ ಅದು ತಪ್ಪು ಅಂತ ಯಾರೂ ಅನ್ನಲ್ಲ, ಐರಿಶ್ ಇಂಗ್ಲಿಷ್ ಅಂತ ಹೆಸರಿದೆ. ನಮ್ಮ ‘ಪ್ರಿಪೋನ್’ (ಪೋಸ್ಟ್‌ಪೋನ್‌ನ ಉಲ್ಟಾ) ಕೂಡ ಆಕ್ಸ್‌ಫರ್ಡ್ ನಿಘಂಟಿಗೆ ಸೇರಿ ಆಯ್ತು, ಇವತ್ತಲ್ಲ ನಾಳೆ ಉಳಿದವಕ್ಕೂ ಸೀಟು ಸಿಗಬಹುದು.

ಪರೀಕ್ಷೇಲಿ ತಿದ್ದಿ, ತಿದ್ದಬೇಡಿ ಅನ್ನಲ್ಲ. ಹೊರಗಿನವರ ‘ಇಟ್ ಸೀಮ್ಸ್’ಗೆ ನನಗೆ ಹಾಗನ್ಸತ್ತೆ ಅನ್ನೋ ಅರ್ಥ ಇದೆ, ನಮ್ಮದಕ್ಕೆ ಯಾರೋ ಅಂದ್ರು ಅನ್ನೋ ಅರ್ಥ. ಸರ್ವರ್ ಕೆಟ್ಟಿದೆ ಇಟ್ ಸೀಮ್ಸ್ ಅಂತ ನಾಳೆ ಈ ಹುಡುಗ ಕ್ಲೈಂಟ್‌ಗೆ ಮೇಲ್ ಹಾಕಿದ್ರೆ, ಇವನೇ ನೋಡಿ ಅಂದಾಜು ಮಾಡಿದಾನೆ ಅಂತ ಅವರು ತಿಳ್ಕೋತಾರೆ, ಪಕ್ಕದ ಡೆಸ್ಕಿನವನು ಹೇಳಿದ್ದು ಅಂತ ಯಾರಿಗೂ ಹೊಳೆಯಲ್ಲ. ಕೆಂಪಿಂಕಲ್ಲಿ ಬರೀ ಅಡ್ಡಗೆರೆ ಹಾಕೋ ಬದ್ಲು ಪಕ್ಕದಲ್ಲಿ ‘ಅಂತೆ’ ಅಂತ ಕನ್ನಡದಲ್ಲೇ ಬರೆದು ನೋಡಿ, ಮಕ್ಕಳಿಗೆ ಥಟ್ ಅಂತ ಹೊಳೆಯತ್ತೆ.

ಪ್ರಶ್ನೆ: ನ್ಯೂಜಿಲೆಂಡ್ ಕಾಮೆಂಟೇಟರ್‌ಗಳು ಸಿಕ್ಸ್ ಹೊಡೆದಾಗ ‘ಸಕ್ಸ್’ ಅಂತಾರಲ್ಲ, ನನ್ನ ಕಿವಿ ಸರಿ ಇದೆಯಾ? (ಚಿನ್ನಸ್ವಾಮಿ ಗ್ಯಾಲರಿಯ ಖಾಯಂ ಗಿರಾಕಿ)

ಉತ್ತರ: ಸರಿ ಇದೆ. ಅಲ್ಲಿ ಸ್ವರಗಳು ಕುರ್ಚಿ ಆಟ ಆಡಿವೆ. ಬ್ಯಾಟ್ ಎದ್ದು ‘ಬೆಟ್’ ಜಾಗದಲ್ಲಿ ಕೂತ್ರೆ, ಬೆಟ್ ಹೋಗಿ ‘ಬಿಟ್’ ಜಾಗದಲ್ಲಿ ಕೂತು, ಬಿಟ್ ಪಾಪ ‘ಬಟ್’ ಕಡೆ ಓಡ್ತು. ಹಂಗಾಗಿ ಟೆನ್ ಅನ್ನೋದು ‘ಟಿನ್’, ಫಿಶ್ ಅನ್ನೋದು ‘ಫಶ್’. ಪಕ್ಕದ ಆಸ್ಟ್ರೇಲಿಯಾದವರು ಇದನ್ನ ಹೇಳ್ಕೊಂಡು ನಗ್ತಾರೆ, ಅವರದ್ದೇ ‘ಟುಡೇ’ ಉಳಿದವರಿಗೆ ‘ಟು ಡೈ’ ಅಂತ ಕೇಳ್ಸತ್ತೆ ಅನ್ನೋದು ಮರೆತು.

ಪ್ರಶ್ನೆ: ‘ನ್ಯೂಟ್ರಲ್ ಆಕ್ಸೆಂಟ್’ ಕಲಿಸ್ತೀವಿ ಅಂತ ಒಂದು ಇನ್‌ಸ್ಟಿಟ್ಯೂಟ್‌ನವರು 40 ಸಾವಿರ ಕೇಳ್ತಿದಾರೆ. ಸೇರ್ಲಾ?

ಉತ್ತರ: ನಾನೇ ಆ ಅಂಗಡಿ ಇಟ್ಟಿದ್ದೋನು. ಕಾಲ್ ಸೆಂಟರ್ ಭರಾಟೆ ಜೋರಾಗಿದ್ದ ಕಾಲದಲ್ಲಿ ಒಂದು ಕಂಪ್ನೀಲಿ ರಾತ್ರಿಪಾಳಿ ವಾಯ್ಸ್ ಟ್ರೇನರ್ ಆಗಿದ್ದೆ. ಸುಮೋದಲ್ಲಿ ಬರೋ ಚಾಮರಾಜನಗರದ ಹುಡುಗನಿಗೆ ಇನ್ಮೇಲೆ ನಿನ್ನ ಹೆಸರು ಸ್ಟೀವ್ ಅಂತ ಹೇಳೋದು ನನ್ನ ಕೆಲ್ಸದ ಒಂದು ಭಾಗ, ಅದನ್ನ ನೆನೆಸ್ಕೊಂಡ್ರೆ ಈಗಲೂ ಮುಜುಗರ ಆಗತ್ತೆ. ನ್ಯೂಟ್ರಲ್ ಅನ್ನೋ ಉಚ್ಚಾರಣೆ ಭೂಮಿ ಮೇಲೆಲ್ಲೂ ಇಲ್ಲ, ಮಾತಾಡಿದ ಮೇಲೆ ಯಾವುದೋ ಊರಿಂದು ಆಗಲೇಬೇಕು.

ಆ ಕೆಲ್ಸದಲ್ಲಿ ನಿಜವಾಗ್ಲೂ ಉಪಯೋಗಕ್ಕೆ ಬಂದಿದ್ದು ಎರಡು, ಬಿಟ್ಟಿ ಹೇಳ್ತೀನಿ ತಗೊಳ್ಳಿ. ಒಂದು, ಮಹಾಪ್ರಾಣ. ಇಂಗ್ಲಿಷರು ಮಾತಿನ ಮೊದಲಲ್ಲಿ ಬರೋ ಪ, ಟ, ಕಗಳಿಗೆ ಗೊತ್ತಿಲ್ಲದೇನೇ ಉಸಿರು ಊದ್ತಾರೆ, ಪಾರ್ಕ್ ಅಂದ್ರೆ ‘ಪ್ಹಾರ್ಕ್’. ನಾವು ಅಚ್ಚುಕಟ್ಟಾಗಿ ಅಲ್ಪಪ್ರಾಣ ಹೇಳಿದ್ರೆ ಅವರ ಕಿವಿಗೆ ಅದು ‘ಬಾರ್ಕ್’, ಅಂದ್ರೆ ನಾಯಿ ಬೊಗಳೋದು. ಅಂಗೈ ಬಾಯಿ ಮುಂದೆ ಹಿಡ್ಕೊಂಡು ಪಿನ್ ಅನ್ನಿ, ಗಾಳಿ ತಾಗಬೇಕು. ಸ್ಪಿನ್ ಅನ್ನಿ, ತಾಗಬಾರದು. ಎರಡು, ಒತ್ತು, ಅಂದ್ರೆ ಸ್ಟ್ರೆಸ್, ಬಸ್ಸಿನ ಒತ್ತಕ್ಷರ ಅಲ್ಲ. ನಾವು ಎಲ್ಲ ಅಕ್ಷರಕ್ಕೂ ಸಮಪಾಲು ಕೊಡೋ ಜನ, ಇಂಗ್ಲಿಷಲ್ಲಿ ಒಂದೇ ಅಕ್ಷರಕ್ಕೆ ಪೂರ್ತಿ ಆಸ್ತಿ, ಉಳಿದವು ಮುಲುಗ್ತಾ ಇರತ್ತೆ. ಅದೂ ಒಂದು ಕಡೆ ನಿಲ್ಲಲ್ಲ, ಫೋಟೋಗ್ರಾಫ್‌ನಲ್ಲಿ ‘ಫೋ’ ಮೇಲಿದ್ದ ಒತ್ತು ಫೋಟೋಗ್ರಾಫರ್ ಆದ ತಕ್ಷಣ ಎರಡನೇ ಅಕ್ಷರಕ್ಕೆ ನೆಗೆದು ‘ಫಟಾಗ್ರಫರ್’ ಆಗತ್ತೆ. ಡೆವಲಪ್‌ಮೆಂಟ್‌ನಲ್ಲಿ ಜೋರು ‘ವೆ’ ಮೇಲೆ, ‘ಡೆ’ ಮೇಲಲ್ಲ. ಒತ್ತು ತಪ್ಪಿದ್ರೆ ಉಳಿದಿದ್ದೆಲ್ಲ ಸರಿ ಇದ್ರೂ ಎದುರಿನವರಿಗೆ ಪದವೇ ಸಿಗಲ್ಲ. ದಿನಕ್ಕೆ ಹತ್ತು ಪದ ನಿಘಂಟು ನೋಡಿ ಒತ್ತಿನ ಗುರುತು ಹಾಕ್ಕೊಳ್ಳಿ, ಮೂರು ತಿಂಗಳು ಸಾಕು. ಆ 40 ಸಾವಿರದಲ್ಲಿ ಅಮ್ಮನಿಗೆ ಒಂದು ವಾಷಿಂಗ್ ಮೆಷಿನ್ ತೆಗೆದುಕೊಡಿ.

ಪ್ರಶ್ನೆ: ಜೋಹಾನ್ಸ್‌ಬರ್ಗಲ್ಲಿರೋ ನನ್ನ ಭಾವ ಮನೆಗೆ ದಾರಿ ಹೇಳುವಾಗ ‘ರೋಬೋಟ್ ಹತ್ರ ಲೆಫ್ಟ್ ತಗೋ’ ಅಂದ. ತಲೆ ಕೆಟ್ಟಿದೆಯಾ?

ಉತ್ತರ: ದಕ್ಷಿಣ ಆಫ್ರಿಕಾದಲ್ಲಿ ರೋಬೋಟ್ ಅಂದ್ರೆ ಟ್ರಾಫಿಕ್ ಸಿಗ್ನಲ್. ಇನ್ನೊಂದು ಎಚ್ಚರ, ಅಲ್ಲಿ ‘ಜಸ್ಟ್ ನೌ ಬರ್ತೀನಿ’ ಅಂದ್ರೆ ಈಗಲ್ಲ, ಆಮೇಲೆ ಯಾವಾಗ್ಲೋ. ನೀವು ಬೆಂಗಳೂರಿನವರು, ‘ಸಿಲ್ಕ್ ಬೋರ್ಡ್ ಹತ್ರ ಇದೀನಿ, ಫೈವ್ ಮಿನಿಟ್ಸ್’ ಅನ್ನೋದನ್ನ ಕೇಳಿ ಬೆಳೆದೋರು, ನಿಮಗೆ ಹೊಸದಾಗಿ ಕಲಿಸೋಕೆ ಏನಿದೆ.